ಹೆಲಿಕಾಪ್ಟರ್ ಮೊದಲ ಪಾಠ: ಕೈ ಆಡಿಸುವುದನ್ನು ಕಮ್ಮಿ ಮಾಡಿ

ಹತ್ತುವಾಗ ಬಾಲದ ಕಡೆ ಹೋಗಲೇಬೇಡಿ. ಜೋರಾಗಿ ತಿರುಗುವ ಹಿಂದಿನ ಸಣ್ಣ ರೋಟರ್ ಕಣ್ಣಿಗೆ ಕಾಣುವುದೇ ಕಷ್ಟ. ಮುಂದಿನಿಂದಲೋ ಪಕ್ಕದಿಂದಲೋ, ಒಳಗಿರುವ ಪೈಲಟ್ ಕಣ್ಣಿಗೆ ಬೀಳುವ ಹಾಗೆ ಬನ್ನಿ. ಟೋಪಿ ಇದ್ದರೆ ತೆಗೆದು ಕೈಯಲ್ಲಿ ಹಿಡಿದುಕೊಳ್ಳಿ.

ಸಾಮಾನ್ಯವಾಗಿ ನಿಮ್ಮನ್ನು ಬಲಗಡೆ ಸೀಟಿನಲ್ಲಿ ಕೂರಿಸುತ್ತಾರೆ. ಎಡಗೈ ಪಕ್ಕದಲ್ಲಿ ಕಾರಿನ ಹ್ಯಾಂಡ್‌ಬ್ರೇಕ್ ಥರ ಇರುವುದೇ ಕಲೆಕ್ಟಿವ್. ಎತ್ತಿದರೆ ಹೆಲಿಕಾಪ್ಟರ್ ಮೇಲೆ ಹೋಗುತ್ತದೆ, ಇಳಿಸಿದರೆ ಕೆಳಗೆ ಬರುತ್ತದೆ. ಬಲಗೈಗೆ ಸೈಕ್ಲಿಕ್ ಅನ್ನುವ ಕೋಲು, ಅದನ್ನು ಯಾವ ಕಡೆ ವಾಲಿಸುತ್ತೀರೋ ಆ ಕಡೆ ಹೆಲಿಕಾಪ್ಟರ್ ಹೋಗುತ್ತದೆ. ಪೆಡಲ್‌ನಿಂದ ಮೂತಿ ತಿರುಗುತ್ತದೆ. ಹೇಳುವುದಕ್ಕೆ ಇಷ್ಟೇ, ಆದರೆ ಒಂದನ್ನು ಮುಟ್ಟಿದರೆ ಉಳಿದ ಎರಡರ ಹದವೂ ಕೆಡುತ್ತದೆ. ಕಲಿಯಲು ಬಳಸುವ ಪುಟ್ಟ ಹೆಲಿಕಾಪ್ಟರ್ ರಾಬಿನ್ಸನ್ ಆರ್22ನಲ್ಲಿ ಕಲೆಕ್ಟಿವ್ ಎತ್ತಿ ನೋಡಿ, ಮೂತಿ ಬಲಕ್ಕೆ ಹೊರಟುಬಿಡುತ್ತದೆ, ಕೂಡಲೇ ಎಡ ಪೆಡಲ್ ಒತ್ತಬೇಕು. ಮೇಲಿನ ದೊಡ್ಡ ರೋಟರ್ ಉಲ್ಟಾ ತಿರುಗುವ ಫ್ರೆಂಚ್ ಹೆಲಿಕಾಪ್ಟರ್‌ಗಳಲ್ಲಿ ಇದೂ ಉಲ್ಟಾ.

ಕಲೆಕ್ಟಿವ್ ತುದಿಯಲ್ಲಿ ಬೈಕಿನ ಆಕ್ಸಿಲರೇಟರ್ ಥರ ತಿರುಗುವ ಥ್ರಾಟಲ್ ಇರುತ್ತದೆ. ಅದನ್ನು ಗವರ್ನರ್ ಅನ್ನುವ ಸಾಧನ ತಾನೇ ನೋಡಿಕೊಳ್ಳುತ್ತದೆ. ನೀವು ಭಯದಲ್ಲಿ ಬಿಗಿಯಾಗಿ ಹಿಡಿದರೆ ಪಾಪ ಅದರ ಕೆಲಸಕ್ಕೂ ಅಡ್ಡ.

ಇನ್‌ಸ್ಟ್ರಕ್ಟರ್ ‘ಯೂ ಹ್ಯಾವ್ ಕಂಟ್ರೋಲ್’ ಅಂದರೆ ‘ಐ ಹ್ಯಾವ್ ಕಂಟ್ರೋಲ್’ ಅಂತ ಬಾಯಿಬಿಟ್ಟು ಹೇಳಿ. ಸುಮ್ನೆ ತಲೆಯಾಡಿಸಿದರೆ ಸಾಲದು. ಹೆಲಿಕಾಪ್ಟರ್ ಯಾರ ಕೈಯಲ್ಲಿದೆ ಅನ್ನುವ ಗೊಂದಲ ಒಂದು ಕ್ಷಣವೂ ಇರಬಾರದು.

ಮೊದಲು ಮೇಲೆ, 60-70 ನಾಟ್ (ಗಂಟೆಗೆ ಸುಮಾರು 110-130 ಕಿ.ಮೀ.) ವೇಗದಲ್ಲಿ ನೇರ ಹಾರಿಸಲು ಕೊಡುತ್ತಾರೆ. ಅದು ಸುಲಭ, ‘ಅಯ್ಯೋ ಇಷ್ಟೇನಾ’ ಅನಿಸುತ್ತದೆ. ಆಮೇಲೆ ಬರುತ್ತದೆ ಹೋವರ್, ಅಂದರೆ ನೆಲದಿಂದ ನಾಲ್ಕೈದು ಅಡಿ ಮೇಲೆ ನಿಂತಲ್ಲೇ ನಿಲ್ಲಿಸುವುದು. ಮೊದಲು ಪೆಡಲ್ ಮಾತ್ರ, ಆಮೇಲೆ ಕಲೆಕ್ಟಿವ್, ಕೊನೆಗೆ ಸೈಕ್ಲಿಕ್ ಕೊಡುತ್ತಾರೆ. ಎಲ್ಲರೂ ಒದ್ದಾಡುವುದು ಈ ಸೈಕ್ಲಿಕ್ ಹತ್ತಿರವೇ. ನೀವು ಎಡಕ್ಕೆ ವಾಲಿಸುತ್ತೀರಿ, ಅರೆಕ್ಷಣ ಏನೂ ಆಗುವುದಿಲ್ಲ, ಸಾಲದೇನೋ ಅಂತ ಇನ್ನೊಂಚೂರು ವಾಲಿಸುತ್ತೀರಿ, ಅಷ್ಟರಲ್ಲಿ ಎರಡೂ ಸೇರಿ ಒಟ್ಟಿಗೆ ಬಂದು ಹೆಲಿಕಾಪ್ಟರ್ ಎಡಕ್ಕೆ ಜಾರುತ್ತದೆ, ಗಾಬರಿಯಲ್ಲಿ ಬಲಕ್ಕೆ ಎಳೆಯುತ್ತೀರಿ, ಆಮೇಲೆ ತೊಟ್ಟಿಲು ತೂಗಿದ ಹಾಗೆ ಶುರು.

ಇದಕ್ಕೆ ಮದ್ದು ಎರಡು. ಮುಂಗೈಯನ್ನು ತೊಡೆಯ ಮೇಲೆ ಊರಿ, ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಗುರವಾಗಿ ಹಿಡಿಯಿರಿ. ಚೂರೇ ಚೂರು ಒತ್ತಿ, ಹೆಲಿಕಾಪ್ಟರ್ ಕದಲುವ ಮೊದಲೇ ಒತ್ತುವುದನ್ನು ನಿಲ್ಲಿಸಿ, ಕೋಲನ್ನು ಮಾತ್ರ ಕೈಬಿಡಬೇಡಿ. ಎರಡನೆಯದು ಕಣ್ಣು. ನಾನು ಮೊದಲ ದಿನ ಪೂರ್ತಿ ಕಾಲ ಕೆಳಗಿನ ಹುಲ್ಲನ್ನೇ ನೋಡುತ್ತಿದ್ದೆ, ಆ ಹುಲ್ಲು ಗಾಳಿಗೆ ಒಂದೇ ಸಮ ಅಲೆಯಾಡುತ್ತಿತ್ತು, ಅದರ ಜೊತೆ ನನ್ನ ಕೈಯೂ. ದೂರದ ಒಂದು ಮರವನ್ನೋ ಕಟ್ಟಡವನ್ನೋ ನೋಡಿ, ಅರ್ಧ ಸಮಸ್ಯೆ ಅಲ್ಲೇ ಹೋಗುತ್ತದೆ. ಮಧ್ಯೆ ಮಧ್ಯೆ ಶೂ ಒಳಗೆ ಕಾಲ್ಬೆರಳು ಆಡಿಸಿ. ಆಡಿಸಲು ಆಗದಿದ್ದರೆ ಮೈಯೆಲ್ಲ ಬಿಗಿಯಾಗಿದೆ ಅಂತ ಅರ್ಥ.

ಸೈಕ್ಲಿಕ್ಕನ್ನು ಥಟ್ಟನೆ ಮುಂದಕ್ಕೆ ಮಾತ್ರ ತಳ್ಳಬೇಡಿ. ಮೇಲಿನ ರೋಟರ್‌ಗೆ ಎರಡೇ ಬ್ಲೇಡ್ ಇರುವ ಆರ್22ನಂಥ ಹೆಲಿಕಾಪ್ಟರ್‌ಗಳಲ್ಲಿ ಅದು ಜೀವಕ್ಕೇ ಅಪಾಯ.

ಹೆಲಿಕಾಪ್ಟರ್ ನೆಲಕ್ಕಿಳಿದ ಮೇಲೆ ಬೆಲ್ಟ್ ಬಿಚ್ಚುವ ಅವಸರ ಬೇಡ. ನಿಧಾನವಾಗುತ್ತಾ ಬಂದ ಬ್ಲೇಡ್ ಕೆಳಕ್ಕೆ ಬಾಗುತ್ತದೆ, ಗಾಳಿ ಇದ್ದರೆ ಇನ್ನೂ ಜಾಸ್ತಿ. ಅದು ಪೂರ್ತಿ ನಿಂತು, ಇನ್‌ಸ್ಟ್ರಕ್ಟರ್ ಸರಿ ಅಂದ ಮೇಲೆ ಇಳಿಯಿರಿ.