ಸನ್ಮಾನದ ದುಡ್ಡಿನಲ್ಲಿ ಟೇಪು, ಥರ್ಮಾಮೀಟರು, ಫಾರ್ಮು: ವೈದ್ಯರ ಸಂಘದಿಂದ ಕ್ರೀಡಾ ವೈದ್ಯಕೀಯದ ಕೆಲಸ

ಮೈಸೂರಿನಲ್ಲಿ ವೈದ್ಯರ ಸಂಘದ ಕಾರ್ಯಕ್ರಮ ಎಂದರೆ ಹೋಟೆಲಿನ ಸಭಾಂಗಣ, ದೀಪ ಬೆಳಗುವುದು, ಪೇಟ, ಶಾಲು, ಹಣ್ಣಿನ ಬುಟ್ಟಿ. ಕ್ರೀಡಾ ವೈದ್ಯಕೀಯದ ಶಿಕ್ಷಣಕ್ಕೂ ಸಂಶೋಧನೆಗೂ ಸಂಘದೊಳಗೆ ಬೇರೆ ವಿಭಾಗ ಮಾಡಿಕೊಂಡಾಗ ಬಜೆಟ್‌ನಿಂದ ನಾವು ಮೊದಲು ತೆಗೆದದ್ದು ಇವನ್ನೇ. ಆ ದುಡ್ಡಿನಲ್ಲಿ ಟೇಪು, ಥರ್ಮಾಮೀಟರು, ಫಾರ್ಮಿನ ಪ್ರಿಂಟು, ಅಂಕಿಅಂಶ ತಜ್ಞರೊಬ್ಬರ ಗೌರವಧನ ಎಲ್ಲ ಬರುತ್ತದೆ. ಕಾರಣ ಇಷ್ಟೇ: ಮದ್ದೂರಿನ ಕಬಡ್ಡಿ ರೈಡರ್‌ಗೆ ಪೆಟ್ಟಾದರೆ ಮೊದಲು ನೋಡುವವರು ಕ್ರೀಡಾ ವೈದ್ಯ ತಜ್ಞರಲ್ಲ. ಪಿ.ಟಿ. ಮೇಷ್ಟ್ರು ನೋಡುತ್ತಾರೆ, ಆಮೇಲೆ ಉಳುಕು ತೆಗೆಯುವವರು, ಆಮೇಲೆ ಊರಿನ ಎಂಬಿಬಿಎಸ್ ಡಾಕ್ಟರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಮಟ್ಟದ ಆಟ ಬೆಳೆಯುವುದು ಹಳ್ಳಿಯ ಅಂಗಳದಲ್ಲಿ. ತರಬೇತಿ ತಲುಪಬೇಕಾದದ್ದೂ ಅಲ್ಲಿಗೇ.

ಹೊರದೇಶಗಳಲ್ಲಿ ಇದಕ್ಕೆಂದೇ ದೊಡ್ಡ ಸಂಘಗಳಿವೆ. ಅಂತರರಾಷ್ಟ್ರೀಯ ಒಕ್ಕೂಟ ಎಫ್‌ಐಎಂಎಸ್ ಹುಟ್ಟಿದ್ದು 1928ರಲ್ಲಿ, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ 1954ರಲ್ಲಿ, ಅಲ್ಲಿನ ಕ್ರೀಡಾ ವೈದ್ಯರ ಸೊಸೈಟಿ ಎಎಂಎಸ್ಎಸ್ಎಂ 1991ರಲ್ಲಿ. ಅವರ ಸಮ್ಮೇಳನದ ಗಾತ್ರ ನಮಗೆ ಹೊಂದುವುದಿಲ್ಲ. ತೆಗೆದುಕೊಳ್ಳಬೇಕಾದದ್ದು ಎರಡು: ಹೊಸಬರಿಗೆ ಸಣ್ಣ ಮೊತ್ತದ ಸಂಶೋಧನಾ ಅನುದಾನ, ಮತ್ತು ಎಲ್ಲರೂ ಒಂದೇ ವ್ಯಾಖ್ಯೆಯಲ್ಲಿ ಬರೆಯುವ ಅಭ್ಯಾಸ.

ಶಿಕ್ಷಣದಿಂದ ಶುರು ಮಾಡೋಣ. ವೈದ್ಯರು 5 ವರ್ಷಕ್ಕೆ 30 ಗಂಟೆಯ ಸಿಎಂಇ (ವೈದ್ಯರ ಮುಂದುವರಿಕೆ ಶಿಕ್ಷಣ) ಮುಗಿಸಬೇಕೆಂದು 2002ರ ವೃತ್ತಿ ನಿಯಮಗಳು ಹೇಳುತ್ತವೆ. ಹಾಗಾಗಿ ಜನ ಬರುತ್ತಾರೆ; ಬಂದವರ ಕೈಗೆ ಕೆಲಸ ಕೊಡುವುದೇ ಕಷ್ಟ. ಉಪನ್ಯಾಸ ಎರಡೇ, ತಲಾ 20 ನಿಮಿಷ. ಉಳಿದದ್ದು ಕೈಯಾರೆ ಮಾಡಿ ಕಲಿಯುವ 4 ಸ್ಟೇಷನ್, ಪ್ರತಿ ಸ್ಟೇಷನ್‌ನಲ್ಲಿ 8 ಮಂದಿ, 30 ನಿಮಿಷ. ಅಂದರೆ ಒಂದು ಬೆಳಗ್ಗೆಗೆ 32 ಮಂದಿ, ಅದಕ್ಕಿಂತ ಹೆಚ್ಚು ಬೇಡ. 12 ಮಂದಿ ಸುತ್ತ ನಿಂತರೆ ಹಿಂದಿನ 4 ಜನ ಮೊಬೈಲ್ ನೋಡುತ್ತಾರೆ.

ಮೊದಲ ಸ್ಟೇಷನ್ ಪಾದದ ಕೀಲು. ಇದನ್ನು ಫಿಸಿಯೋಥೆರಪಿಸ್ಟ್ ನಡೆಸಬೇಕು, ಮೂಳೆ ತಜ್ಞರಲ್ಲ. ಎಕ್ಸ್‌ರೇ ಬೇಕೇ ಬೇಡವೇ ಎಂದು ಹೇಳುವ ಒಟ್ಟಾವಾ ನಿಯಮ ಬಾಯಿಪಾಠ ಎಲ್ಲರಿಗೂ ಇದೆ, ಬೆರಳು ಇಡುವ ಜಾಗ ತಪ್ಪುತ್ತದೆ. ಒತ್ತಬೇಕಾದದ್ದು ಗಿಣ್ಣಿನ ಮೂಳೆಯ ತುದಿ ಮತ್ತು ಹಿಂಬದಿಯ ಅಂಚಿನ ಕೆಳಗಿನ 6 ಸೆಂ.ಮೀ. ಮುಂಭಾಗದ ಲಿಗಮೆಂಟ್ ಮೇಲೆ ಒತ್ತಿದರೆ ಉಳುಕಿದವರೆಲ್ಲ ಅಯ್ಯೋ ಅನ್ನುತ್ತಾರೆ, ಎಲ್ಲರಿಗೂ ಎಕ್ಸ್‌ರೇ ಬರೆಯುವುದಾಗುತ್ತದೆ. ಜೊತೆಗೆ ಐದನೇ ಮೆಟಟಾರ್ಸಲ್‌ನ (ಕಿರುಬೆರಳಿನ ಕಡೆಯ ಪಾದದ ಮೂಳೆ) ಬುಡ, ನ್ಯಾವಿಕ್ಯುಲರ್ (ಪಾದದ ಒಳಬದಿಯ ಮೂಳೆ), ಮತ್ತು ಪೆಟ್ಟಾದಾಗಲೂ ಪರೀಕ್ಷೆಯ ಹೊತ್ತಿಗೂ 4 ಹೆಜ್ಜೆ ಇಡಲಾಯಿತೇ ಎಂಬ ಪ್ರಶ್ನೆ. ಆಮೇಲೆ 3.8 ಸೆಂ.ಮೀ. ಅಗಲದ ಜಿಂಕ್ ಆಕ್ಸೈಡ್ ಟೇಪು. ಪಾದ 90 ಡಿಗ್ರಿಯಲ್ಲಿರಬೇಕು, ಪಟ್ಟಿಯನ್ನು ಒಳಗಿನಿಂದ ಹೊರಕ್ಕೆ ಎಳೆಯಬೇಕು. ನಮ್ಮ ಕಡೆ ಟೇಪು ಕಿತ್ತು ಬರಲು ಮುಖ್ಯ ಕಾರಣ ಎಣ್ಣೆ: ಉಳುಕು ತೆಗೆಸಿಕೊಂಡು ಬಂದ ಕಾಲು ಜಾರುತ್ತಿರುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ಆಮೇಲೆ ಸುತ್ತಬೇಕು. ಕೊನೆಗೆ ಬೆರಳಿನ ಉಗುರು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಬರಬೇಕು. ಬರದಿದ್ದರೆ ಬಿಚ್ಚಿ.

ಎರಡನೆಯದು ತಲೆಪೆಟ್ಟು. 2022ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ ಸಮಾವೇಶದ ಒಮ್ಮತದಂತೆ ಬಂದದ್ದು ಸ್ಕ್ಯಾಟ್ 6, ತಲೆಪೆಟ್ಟು ಪರೀಕ್ಷಿಸುವ ಫಾರ್ಮು. 13 ವರ್ಷ ಮೇಲ್ಪಟ್ಟವರಿಗೆ ಇದು, 8ರಿಂದ 12ರವರಿಗೆ ಚೈಲ್ಡ್ ಸ್ಕ್ಯಾಟ್ 6. ಪೂರ್ತಿ ಮಾಡಲು 10ರಿಂದ 15 ನಿಮಿಷ ಬೇಕು. 5 ನಿಮಿಷದಲ್ಲಿ ಮುಗಿಸಿದವರು ಏನನ್ನೋ ಬಿಟ್ಟಿರುತ್ತಾರೆ. ಅಂಕಣದ ಪಕ್ಕದಲ್ಲಿ ಕೇಳುವ ಐದು ಪ್ರಶ್ನೆಗಳು ಇವು: ಯಾವ ಜಾಗ, ಯಾವ ಅರ್ಧ, ಕೊನೆಯ ಪಾಯಿಂಟ್ ಯಾರದು, ಹಿಂದಿನ ಆಟ ಯಾರ ಮೇಲೆ, ಗೆದ್ದೆವೋ ಸೋತೆವೋ. ಹೊನಲು ಬೆಳಕಿನ ಟೂರ್ನಿಯಲ್ಲಿ ಒಂದೇ ರಾತ್ರಿ ಒಂದು ತಂಡ ಮೂರು ಆಟ ಆಡಿರುತ್ತದೆ. ಸರಿಯುತ್ತರ ಕೇಳುವವರಿಗೇ ಗೊತ್ತಿರುವುದಿಲ್ಲ. ಆಟ ಶುರುವಾಗುವ ಮುಂಚೆ ಸ್ಕೋರರ್ ಹತ್ತಿರ ಹೋಗಿ ಚೀಟಿಯಲ್ಲಿ ಬರೆದುಕೊಳ್ಳಿ.

ನಿಜವಾದ ತೊಡಕು ವೈದ್ಯಕೀಯದ್ದಲ್ಲ. ತಲೆಪೆಟ್ಟಿನ ಅನುಮಾನವಿದ್ದರೆ ಆ ದಿನ ಆಟ ಇಲ್ಲ. 24ರಿಂದ 48 ಗಂಟೆ ಹದವಾದ ವಿಶ್ರಾಂತಿ, ಆಮೇಲೆ 6 ಹಂತಗಳಲ್ಲಿ ವಾಪಸಾತಿ, ಹಂತಕ್ಕೆ ಕನಿಷ್ಠ 24 ಗಂಟೆ. ಆದರೆ ಸೆಮಿಫೈನಲ್ ಇರುವುದು ಒಂದು ಗಂಟೆಯ ನಂತರ, ಮೈಕಿನಲ್ಲಿ ಆಗಲೇ ಹುಡುಗನ ಹೆಸರು ಕೂಗುತ್ತಿದ್ದಾರೆ. ಆ ಗಳಿಗೆಯಲ್ಲಿ ವೈದ್ಯರ ಮಾತು ನಡೆಯುವುದಿಲ್ಲ. ಹಾಗಾಗಿ ಈ ನಿಯಮ ಟೂರ್ನಿಯ ಪ್ರವೇಶ ಫಾರ್ಮಿನಲ್ಲೇ ಇರಬೇಕು, ಕ್ಯಾಪ್ಟನ್ ಸಹಿ ಹಾಕಿರಬೇಕು. ಸಂಘದ ಲೆಟರ್‌ಹೆಡ್ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ: ಸಂಘಟಕರಿಗೆ ವೈದ್ಯರ ತಂಡ ಬೇಕಾದರೆ ಆ ಸಾಲು ಫಾರ್ಮಿನಲ್ಲಿರಬೇಕು, ಇಲ್ಲದಿದ್ದರೆ ತಂಡ ಹೋಗುವುದಿಲ್ಲ.

ಮೂರನೆಯದು ಬಿಸಿಲ ಹೊಡೆತ. ಓಟದಲ್ಲಿ ಕುಸಿದವರ ಗುದದ ಉಷ್ಣತೆ 40.5 ಡಿಗ್ರಿ ಸೆಲ್ಸಿಯಸ್ ದಾಟಿ, ಜೊತೆಗೆ ಮಾತು ತಡವರಿಸುತ್ತಿದ್ದರೆ ಮೊದಲು ತಣಿಸಬೇಕು, ಸಾಗಣೆ ಆಮೇಲೆ. ಹಣೆಗೆ ಹಿಡಿಯುವ ಗನ್ನು, ಕಂಕುಳಿನ ಥರ್ಮಾಮೀಟರು ಎರಡೂ ಇಲ್ಲಿ ಸುಳ್ಳು ಹೇಳುತ್ತವೆ. ತೊಟ್ಟಿ ಇಲ್ಲದ ಕಡೆ ದಪ್ಪ ಟಾರ್ಪಾಲ್ ಸಾಕು: ಆರು ಜನ ಅಂಚು ಎತ್ತಿ ಹಿಡಿಯಬೇಕು, ನಡುವೆ ರೋಗಿ, ಸುಮಾರು 100 ಲೀಟರ್ ನೀರು ಮತ್ತು ಐಸು, ನೀರು ಅಲುಗಾಡುತ್ತಲೇ ಇರಬೇಕು. ಗುರಿ 30 ನಿಮಿಷದೊಳಗೆ 39ಕ್ಕಿಂತ ಕೆಳಗೆ. ಅಲ್ಲಿಗೆ ಬಂದೊಡನೆ ಹೊರತೆಗೆಯಬೇಕು, ಇಲ್ಲದಿದ್ದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಐಸ್ ಫ್ಯಾಕ್ಟರಿಯಿಂದ ಬರುವುದು ಇಡೀ ಗಡ್ಡೆ. ಒಡೆಯಲು ಸುತ್ತಿಗೆ, ಗೋಣಿಚೀಲ, ಮರೆಗೆ ಎರಡು ಬೆಡ್‌ಶೀಟ್ ಪಟ್ಟಿಯಲ್ಲಿರಲಿ.

ನಾಲ್ಕನೆಯದು ಔಷಧದ ಚೀಟಿ ಬರೆಯುವಾಗಿನ ಎಚ್ಚರ. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ವಾಡಾದ ನಿಷೇಧ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗುತ್ತದೆ. ಸ್ಪರ್ಧೆಯ ಅವಧಿಯಲ್ಲಿ ಸ್ಟೆರಾಯ್ಡ್‌ನ ಯಾವುದೇ ಇಂಜೆಕ್ಷನ್, ಮಂಡಿಗೆ ಹಾಕುವುದೂ ಸೇರಿ, 2022ರಿಂದ ನಿಷಿದ್ಧ, ನೋವಿನ ಔಷಧ ಟ್ರಾಮಡಾಲ್ 2024ರಿಂದ. ಉಬ್ಬಸದ ಸ್ಯಾಲ್ಬುಟಮಾಲ್ ಇನ್‌ಹೇಲರ್‌ಗೆ ಮಿತಿ ಇದೆ, 24 ಗಂಟೆಗೆ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ‘ಡಾಕ್ಟರೇ ಬರೆದುಕೊಟ್ಟರು’ ಎಂದರೆ ಆಟಗಾರ ಪಾರಾಗುವುದಿಲ್ಲ, ಹೊಣೆ ಅವನದೇ. ‘ಟೂರ್ನಮೆಂಟ್ ಯಾವಾಗ?’ ಎಂದು ಕೇಳದೆ ನೋವಿನ ಔಷಧ ಬರೆಯಬಾರದು ಎನ್ನುವುದಷ್ಟೇ ಈ ಸ್ಟೇಷನ್‌ನ ಪಾಠ.

ಸಂಶೋಧನೆಯ ಕಡೆಗೆ ಬಂದರೆ, ನಮ್ಮ ಜಿಲ್ಲೆಗಳಲ್ಲಿ ‘ಕಬಡ್ಡಿಯಲ್ಲಿ ಮಂಡಿ ಪೆಟ್ಟು ಜಾಸ್ತಿ’ ಎನ್ನುವವರು ಸಾಕಷ್ಟಿದ್ದಾರೆ, ಎಷ್ಟು ಆಟಕ್ಕೆ ಎಷ್ಟು ಎನ್ನುವವರು ಕಡಿಮೆ. ಆಸ್ಪತ್ರೆಯ ರಿಜಿಸ್ಟರ್‌ನಲ್ಲಿ ಪೆಟ್ಟಿನ ಲೆಕ್ಕ ಇದೆ, ಆಡಿದ ಹೊತ್ತಿನ ಲೆಕ್ಕ ಇಲ್ಲ. ಎರಡೂ ಸಿಗುವುದು ಅಂಕಣದ ಪಕ್ಕದಲ್ಲಿ ಮಾತ್ರ. ಫಾರ್ಮು ಒಂದೇ ಪುಟ, 2020ರ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಒಮ್ಮತದ ವ್ಯಾಖ್ಯೆಗಳ ಮೇಲೆ: ದೇಹದ ಭಾಗ, ಪೆಟ್ಟಿನ ಬಗೆ, ಹೇಗಾಯಿತು, ಎಷ್ಟು ದಿನ ಆಟ ತಪ್ಪಿತು. ದಿನಗಳ ಗುಂಪು 0, 1–7, 8–28, 28ಕ್ಕಿಂತ ಹೆಚ್ಚು. ಎಷ್ಟು ದಿನ ತಪ್ಪಿತು ಎಂಬುದನ್ನು ಫೋನ್ ಮಾಡಿಯೇ ತಿಳಿಯಬೇಕು, ಹುಡುಗರ ನಂಬರ್ ಬದಲಾಗುತ್ತಿರುವುದರಿಂದ ಮೇಷ್ಟ್ರ ನಂಬರೂ ಇರಲಿ. ಫಾರ್ಮಿಗೆ ನಾವು ಸೇರಿಸಿದ ಒಂದು ಕಾಲಂ ‘ಮೊದಲು ಎಲ್ಲಿ ತೋರಿಸಿದಿರಿ’. ನಾಟಿ ಚಿಕಿತ್ಸೆ ಎಂದರೆ ಬೈಯುತ್ತಾರೆ ಅನಿಸಿದರೆ ಹುಡುಗರು ಸುಳ್ಳು ಬರೆಸುತ್ತಾರೆ, ಆದ್ದರಿಂದ ಪಟ್ಟಿಯಲ್ಲಿ ಅದೇ ಮೊದಲ ಆಯ್ಕೆ.

ಲೆಕ್ಕ ಹೀಗೆ. ಕಬಡ್ಡಿಯಲ್ಲಿ 14 ಮಂದಿ, ಗಂಡಸರ ಆಟ 40 ನಿಮಿಷ: ಒಂದು ಆಟಕ್ಕೆ 9.33 ಆಟಗಾರ-ಗಂಟೆ. 100 ಆಟಕ್ಕೆ 933. ಅದರಲ್ಲಿ 14 ಪೆಟ್ಟು ಎಂದಿಟ್ಟುಕೊಂಡರೆ 1,000 ಗಂಟೆಗೆ 15. ಔಟಾದವರು ಹೊರಗೆ ಕೂರುತ್ತಾರಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾವಾಗಲೂ ತಂಡಕ್ಕೆ 7 ಎಂದೇ ಹಿಡಿಯಿರಿ, ಅದನ್ನು ಪ್ರೊಟೊಕಾಲ್‌ನಲ್ಲಿ ಮೊದಲೇ ಬರೆಯಿರಿ. ಮಧ್ಯದಲ್ಲಿ ಬದಲಿಸಿದರೆ ಮೈಸೂರಿನ ಅಂಕಿಯನ್ನು ಮಂಡ್ಯದ ಅಂಕಿಯ ಪಕ್ಕ ಇಡಲಾಗದು. ಗರಡಿಗೆ ಗಂಟೆಯ ಲೆಕ್ಕ ಒಗ್ಗುವುದಿಲ್ಲ. ನಾಡಕುಸ್ತಿಯಲ್ಲಿ ಒಂದು ಜೋಡಿ ಅರೆ ನಿಮಿಷಕ್ಕೆ ಮುಗಿಯಬಹುದು, ಇನ್ನೊಂದು ಎಳೆಯುತ್ತಲೇ ಇರಬಹುದು. ಅಲ್ಲಿ 1,000 ಸಲ ಕಣಕ್ಕಿಳಿದದ್ದಕ್ಕೆ ಎಷ್ಟು ಎಂದು ಲೆಕ್ಕ ಹಾಕುತ್ತೇವೆ, ಚರ್ಮದ ಸೋಂಕಿಗೂ ಕಿವಿಯ ರಕ್ತಗಂಟಿಗೂ ಬೇರೆ ಸಾಲು.

ಆ 15ರ ಬಗ್ಗೆ ಒಂದು ಮಾತು. 14 ಪೆಟ್ಟಿನ ಮೇಲೆ ಬಂದ 15ರ ಶೇ. 95 ವಿಶ್ವಾಸ ವ್ಯಾಪ್ತಿ, ಅಂದರೆ ನಿಜವಾದ ಪ್ರಮಾಣ ಇರಬಹುದಾದ ಮಿತಿ, ಸುಮಾರು 8ರಿಂದ 25. ಇನ್ನೊಂದು ಜಿಲ್ಲೆಯಲ್ಲಿ 20 ಬಂದರೆ ‘ಅಲ್ಲಿ ಹೆಚ್ಚು’ ಎಂದು ಪೇಪರ್ ಬರೆಯುವಂತಿಲ್ಲ. ಇದನ್ನು ಹೇಳಲು ಅಂಕಿಅಂಶ ತಜ್ಞರು ಬೇಕು, ಅದೂ ದತ್ತಾಂಶ ಬರುವ ಮುಂಚೆ.

ಫಾರ್ಮು ತುಂಬುವ ಮೇಷ್ಟ್ರಿಗೆ, ಉಸ್ತಾದರಿಗೆ ಗೌರವಧನ ಕೊಡುವಾಗ ಫಾರ್ಮಿನ ಲೆಕ್ಕದಲ್ಲಿ ಕೊಡಬೇಡಿ, ಇಲ್ಲದ ಪೆಟ್ಟುಗಳು ಹುಟ್ಟುತ್ತವೆ. ಆಟದ ಲೆಕ್ಕದಲ್ಲಿ ಕೊಡಿ, ‘ಇಂದು ಪೆಟ್ಟಿಲ್ಲ’ ಎಂಬ ಹಾಳೆಗೂ ಅಷ್ಟೇ ದುಡ್ಡು. ಖಾಲಿ ಹಾಳೆ ಬಾರದಿದ್ದರೆ ಪೆಟ್ಟಾಗಲಿಲ್ಲವೋ ಬರೆಯಲಿಲ್ಲವೋ ತಿಳಿಯುವುದೇ ಇಲ್ಲ.

ಅನುದಾನವನ್ನು ಒಟ್ಟಿಗೆ ಕೊಟ್ಟರೆ ವರದಿ ಬರುವುದಿಲ್ಲ. ನಾಲ್ಕು ಕಂತು: ಎಥಿಕ್ಸ್ (ಸಂಶೋಧನಾ ನೀತಿ) ಒಪ್ಪಿಗೆ ಪತ್ರಕ್ಕೆ ಶೇ. 30, ಅರ್ಧ ದತ್ತಾಂಶಕ್ಕೆ 30, ಸ್ವಚ್ಛ ಮಾಡಿದ ಶೀಟ್ ಸಂಘಕ್ಕೆ ಒಪ್ಪಿಸಿದಾಗ 20, ಬರಹಕ್ಕೆ 20. ಸಂಘಕ್ಕೆ ಸ್ವಂತ ಎಥಿಕ್ಸ್ ಕಮಿಟಿ ಇಲ್ಲ, ನೋಂದಾಯಿತ ಕಮಿಟಿ ಇರುವ ವೈದ್ಯಕೀಯ ಕಾಲೇಜಿನವರೊಬ್ಬರು ತಂಡದಲ್ಲಿ ಇರಲೇಬೇಕು. ಆಟಗಾರರಲ್ಲಿ ಬಹುಪಾಲು ಶಾಲೆ ಮಕ್ಕಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಹೆತ್ತವರ ಒಪ್ಪಿಗೆಯ ಜೊತೆಗೆ 7ರಿಂದ 12ರವರ ಬಾಯಿಮಾತಿನ ಸಮ್ಮತಿ, 12ರಿಂದ 18ರವರ ಲಿಖಿತ ಸಮ್ಮತಿ ಬೇಕು. ಮುಖ್ಯೋಪಾಧ್ಯಾಯರ ಸಹಿ ಹೆತ್ತವರ ಸಹಿಗೆ ಬದಲಿಯಲ್ಲ. ಅರ್ಜಿಗಳು ಹೆಚ್ಚು ಸಲ ಹಿಂದೆ ಬರುವುದು ಇದೊಂದಕ್ಕೇ.

ಪಿಜಿ ವಿದ್ಯಾರ್ಥಿಗಳು ಇಷ್ಟಪಡುವ ವಿಷಯ ವಾರ್ಮಪ್ ಪ್ರಯೋಗ. ಪೆಟ್ಟು ತಡೆಯಲೆಂದು ಫುಟ್‌ಬಾಲ್‌ನವರು ಮಾಡಿದ ಫಿಫಾ 11+ ಮಾದರಿಯದು ಸುಮಾರು 20 ನಿಮಿಷ, 15 ವ್ಯಾಯಾಮ, ವಾರಕ್ಕೆ ಕನಿಷ್ಠ ಎರಡು ಸಲ. ಒಂದೇ ಶಾಲೆಯಲ್ಲಿ ಅರ್ಧ ಮಕ್ಕಳಿಗೆ ಕಲಿಸಿದರೆ ಉಳಿದರ್ಧ ನೋಡಿ ಮಾಡುತ್ತಾರೆ, ಪ್ರಯೋಗ ಅಲ್ಲಿಗೆ ಕೆಟ್ಟಿತು. ಆದ್ದರಿಂದ ಶಾಲೆಗಳನ್ನೇ ಚೀಟಿ ಎತ್ತಿ ಹಂಚಬೇಕು. ಆಗ ಬೇಕಾಗುವ ಮಕ್ಕಳ ಸಂಖ್ಯೆ ಏರುತ್ತದೆ: ಶಾಲೆಗೆ 21 ಮಕ್ಕಳು, ಅವರ ನಡುವಿನ ಹೋಲಿಕೆಯ ಗುಣಾಂಕ 0.05 ಇದ್ದರೆ, 1 + 20 × 0.05, ಅಂದರೆ ಎರಡರಷ್ಟು. ಇಂಥ ಪ್ರಯೋಗವನ್ನು ಮೊದಲ ಮಗು ಸೇರುವ ಮುಂಚೆಯೇ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಾಯಿಸಬೇಕು. ಒಬ್ಬ ಪಿಜಿ ಅವಧಿಯೊಳಗೆ ಇಷ್ಟು ಮುಗಿಯದು. ಮೈಸೂರಿನಲ್ಲೊಬ್ಬರು, ಮಂಡ್ಯದಲ್ಲೊಬ್ಬರು ಒಂದೇ ಪ್ರೊಟೊಕಾಲ್ ಹಂಚಿಕೊಳ್ಳುವಂತೆ ಸಂಘ ಕೂರಿಸಿ ಮಾತಾಡಿಸಬೇಕು, ಸಿನಾಪ್ಸಿಸ್ (ಪ್ರಬಂಧದ ಯೋಜನೆ) ಸಲ್ಲಿಸುವ ಮುಂಚೆ. ಆಮೇಲೆ ಕೂರಿಸಿದರೆ ಇಬ್ಬರಿಗೂ ತಂತಮ್ಮ ಗೈಡ್ ಹೇಳಿದ್ದೇ ಸರಿ.

ಫಲಿತಾಂಶ ಜರ್ನಲ್‌ಗೆ ಹೋಗುವ ಹೊತ್ತಿಗೇ ಫಾರ್ಮು ತುಂಬಿದ ಗರಡಿಗೂ ಶಾಲೆಗೂ ಒಂದು ಪುಟದ ಕನ್ನಡ ಹಾಳೆ ಕಳಿಸುತ್ತೇವೆ: ನಿಮ್ಮಲ್ಲಿ ಎಷ್ಟು ಆಟ, ಎಷ್ಟು ಪೆಟ್ಟು, ಯಾವ ಕೀಲು, ಎಷ್ಟು ದಿನ. ಸಣ್ಣ ತಂಡಗಳಲ್ಲಿ ಹೆಸರಿಲ್ಲದಿದ್ದರೂ ‘ಭುಜ ತಪ್ಪಿದ ಎಡಗೈ ರೈಡರ್’ ಎಂದರೆ ಊರಿಗೇ ಗೊತ್ತಾಗುತ್ತದೆ, ಆದ್ದರಿಂದ 5ಕ್ಕಿಂತ ಕಡಿಮೆ ಇರುವ ಅಂಕಿಯನ್ನು ಆ ಹಾಳೆಯಲ್ಲಿ ಬಿಡಿಸಿ ಕೊಡುವುದಿಲ್ಲ, ‘5ಕ್ಕಿಂತ ಕಡಿಮೆ’ ಎಂದಷ್ಟೇ ಹಾಕುತ್ತೇವೆ. ಹಾಳೆ ತಲುಪಿದ ಕಡೆಯಿಂದ ಮುಂದಿನ ಹಂಗಾಮಿನ ಫಾರ್ಮುಗಳು ತಾವಾಗಿಯೇ ಬರುತ್ತವೆ. ತಲುಪದ ಕಡೆ ಪ್ರತಿ ಸಲ ಫೋನ್ ಮಾಡಬೇಕು.