ಬಿಲ್ ಬುಕ್ಕಿನಲ್ಲಿ ಸಿಕ್ಕ ಹೆಸರು: ನನ್ನ ಅನುಭವ

ಟಿಜಿ ಕಾರ್ಡ್ (ಟ್ರಾನ್ಸ್‌ಜೆಂಡರ್ ಗುರುತಿನ ಚೀಟಿ), ಆಧಾರ್, ಪ್ಯಾನ್, ವೋಟರ್ ಐಡಿ, ಬ್ಯಾಂಕ್ ಪಾಸ್‌ಬುಕ್. ಇವೆಲ್ಲದರಲ್ಲೂ ಈಗ ನಾನು ರೇಣುಕಾ. ಕನ್ನಡದಲ್ಲೂ ಒಂದೇ ಥರ, ಇಂಗ್ಲಿಷಿನಲ್ಲೂ ಒಂದೇ ಸ್ಪೆಲ್ಲಿಂಗ್. ಇದು ಎಷ್ಟು ಅಪರೂಪ ಅಂತ ಹೆಸರು ಬದಲಿಸಲು ಫೈಲ್ ಹಿಡಿದು ಓಡಾಡಿದ ನಮ್ಮಂಥ ಟ್ರಾನ್ಸ್ ಜನರಿಗೆ ಹೇಳಬೇಕಾಗಿಲ್ಲ. ಈ ಹೆಸರನ್ನು ನಾನು ಹುಡುಕಿದ ರೀತಿ ನೋಡಿ ನಮ್ಮ ಗುರು, ಅಂದರೆ ನಮ್ಮ ಟ್ರಾನ್ಸ್ ಮನೆತನದ ಹಿರಿಯರು, ನಕ್ಕಿದ್ದರು. ಗೆಳತಿಯರಂತೂ, 'ಹೆಸರು ಹುಡುಕ್ತಿದೀಯೋ, ಹೊಸ ಸಿಮ್ ನಂಬರ್ ಹುಡುಕ್ತಿದೀಯೋ' ಅಂತ ತಮಾಷೆ ಮಾಡಿದ್ದರು. ಈಗ ಅದೇ ಗೆಳತಿಯರು ತಮ್ಮ ಚೇಲಾಗಳನ್ನು (ಶಿಷ್ಯೆಯರನ್ನು) ಹೆಸರು ಹುಡುಕಲು ನನ್ನ ಅಂಗಡಿಗೆ ಕಳಿಸುತ್ತಿದ್ದಾರೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಬರೆದಿಡುತ್ತಿದ್ದೇನೆ.

ಟಿಜಿ ಕಾರ್ಡಿಗೆ ಅರ್ಜಿ ಹಾಕುವ ಪೋರ್ಟಲ್ ಯಾವುದು, ಅಫಿಡವಿಟ್ಟಿನಲ್ಲಿ ಏನು ಬರೆಸಬೇಕು, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ನಾನು ಹೊಸಪೇಟೆಯಲ್ಲಿ ಬ್ಲೌಸ್ ಹೊಲಿಯುವವಳು. ಅದಕ್ಕೂ ಮೊದಲು ಕೆಲವು ವರ್ಷ ಬೆಂಗಳೂರಿನ ಹಮಾಮಿನಲ್ಲಿದ್ದೆ, ಅಂದರೆ ನಮ್ಮವರು ಗುರುವಿನ ಕೈಕೆಳಗೆ ಒಟ್ಟಿಗೆ ಇರುವ ಜಾಗದಲ್ಲಿ. ಅಲ್ಲಿ ಹೆಸರು ಇಡುವುದು ಗುರುವಿನ ಹಕ್ಕು. ನನಗೆ ಐಶ್ವರ್ಯ ಅಂತ ಇಟ್ಟರು. ಹೆಸರೇನೋ ಚೆನ್ನಾಗಿಯೇ ಇತ್ತು. ಆದರೆ ಆ ಗಲ್ಲಿಯಲ್ಲೇ ಇನ್ನೂ ಇಬ್ಬರು ಐಶ್ವರ್ಯ ಇದ್ದರು, ಹಾಗಾಗಿ ನಾನು 'ಹೊಸಪೇಟೆ ಐಶು' ಆದೆ. ಊರಿಗೆ ವಾಪಸ್ ಬಂದು ಅಂಗಡಿ ಹಾಕಿದ ಮೇಲೆ ಆ ಹೆಸರು ಕೈ ಕೊಟ್ಟಿತು. ಸೈಬರ್ ಸೆಂಟರ್‌ನವನು ಒಂದು ಸ್ಪೆಲ್ಲಿಂಗ್ ಹೊಡೆದ, ನೋಟರಿ ಇನ್ನೊಂದು, ಬ್ಯಾಂಕಿನವರು ಮತ್ತೊಂದು. ಒಂದೊಂದು ಅಕ್ಷರಕ್ಕೂ ಹೊಸ ಬಾಂಡ್ ಪೇಪರ್, ಹೊಸ ನೋಟರಿ ಫೀಸು. ಹೆಸರು ಇನ್ನೂ ಬದಲಾಗಿರಲಿಲ್ಲ, ಸುಮಾರು ಎರಡು ಸಾವಿರ ಆಗಲೇ ಕರಗಿತ್ತು. ಅದು ಹೋಗಲಿ ಅಂದರೆ, ಅಂಗಡಿಗೆ ಬರುವ ಹೆಂಗಸರ ಬಾಯಲ್ಲೇ ಆ ಹೆಸರು ಕೂರಲಿಲ್ಲ. ಮೂವತ್ತು ದಾಟಿದ ದರ್ಜಿಗೆ 'ಐಶ್ವರ್ಯಕ್ಕ' ಅನ್ನೋಕೆ ಅವರಿಗೇ ಒಂಥರಾ. 'ಏ ಟೇಲರಮ್ಮ' ಅನ್ನುತ್ತಿದ್ದರು.

ಆಮೇಲೆ ಎಲ್ಲರೂ ಮಾಡುವುದನ್ನು ನಾನೂ ಮಾಡಿ ನೋಡಿದೆ. ಜೋಯಿಸರ ಹತ್ತಿರ ನಕ್ಷತ್ರದ ಅಕ್ಷರ ಕೇಳಿದೆ. ಅವರು ಕೊಟ್ಟ ಅಕ್ಷರದಲ್ಲಿ ನನಗೆ ಹೊಂದುವ ಒಂದು ಹೆಸರೂ ಇರಲಿಲ್ಲ. ನ್ಯೂಮರಾಲಜಿಯವರು ಐನೂರು ತಗೊಂಡು ಇಂಗ್ಲಿಷಿನಲ್ಲಿ ಇನ್ನೊಂದು 'ಎ' ಸೇರಿಸು ಅಂದರು. ಇರುವ ಅಕ್ಷರಗಳದ್ದೇ ನೂರೆಂಟು ಜಗಳ, ಇನ್ನೊಂದು ಯಾರಿಗೆ ಬೇಕು? ಹಳೆಯ ಹೆಸರನ್ನೇ ಹೆಣ್ಣು ಹೆಸರು ಮಾಡುವ ದಾರಿಯೂ ಇದೆ. ನಮ್ಮ ಕಡೆಯ ಜೋಗತಿ ನೃತ್ಯ ಕಲಾವಿದೆ, ನಮ್ಮಂತೆಯೇ ಟ್ರಾನ್ಸ್ ಆದ ಮಂಜಮ್ಮ ಜೋಗತಿಯವರನ್ನೇ ನೋಡಿ. 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಅವರ ಹೆಸರಲ್ಲಿ ಹಳೆಯ ಮಂಜು ಹಾಗೇ ಇದೆ, ಅದು ಅವರಿಗೆ ಒಪ್ಪುತ್ತದೆ ಕೂಡ. ನನ್ನ ಹಳೆಯ ಹೆಸರು ಹಾಗೆ ಬಗ್ಗುವಂಥದ್ದಲ್ಲ. ಅದನ್ನು ಇಲ್ಲಿ ಬರೆಯುವುದೂ ಇಲ್ಲ.

ಐಡಿಯಾ ಹೊಳೆದಿದ್ದು ಬಿಲ್ ಬುಕ್ಕಿನಿಂದ. ದೀಪಾವಳಿ ಸೀಜನ್ ಮುಗಿದ ಮೇಲೆ ಬಾಕಿ ಲೆಕ್ಕ ನೋಡುತ್ತಿದ್ದೆ. ಒಂದು ವರ್ಷದ ಬಿಲ್ ಬುಕ್ಕಿನಲ್ಲಿ ನೂರಾರು ಹೆಂಗಸರ ಹೆಸರು. ಯಾರಿಗೆ ಎಷ್ಟು ವಯಸ್ಸು ಅಂತಲೂ ನನಗೆ ಗೊತ್ತು, ಅಳತೆ ತಗೊಂಡವಳು ನಾನೇ ಅಲ್ವಾ. ಇಪ್ಪತ್ತರೊಳಗಿನ ಹುಡುಗಿಯರು ಸಿಂಚನಾ, ತನುಶ್ರೀ, ಸೃಷ್ಟಿ. ಅರವತ್ತು ದಾಟಿದವರು ಹನುಮವ್ವ, ದುರುಗಮ್ಮ, ಹುಲಿಗೆಮ್ಮ. ನನ್ನ ವಾರಿಗೆಯವರು ಮಾತ್ರ ಸವಿತಾ, ಗೀತಾ, ಶೋಭಾ, ಮಂಜುಳಾ, ಉಮಾ, ಹೇಮಾ, ರೇಣುಕಾ, ಸುಜಾತಾ. ನಮ್ಮ ಜೊತೆ ಅದೇ ಶಾಲೆಯಲ್ಲಿ ಅದೇ ಬೆಂಚಿನ ಆ ಕಡೆ ಕೂತಿದ್ದ ಹುಡುಗಿಯರು. ನಾನು ಹೆಣ್ಣಾಗಿಯೇ ಹುಟ್ಟಿದ್ದರೆ ನಮ್ಮವ್ವ ಇವುಗಳಲ್ಲೇ ಒಂದನ್ನು ಇಡುತ್ತಿದ್ದಳು. ಸಿನಿಮಾ ಹೀರೋಯಿನ್ ಹೆಸರು ಇಡುತ್ತಿರಲಿಲ್ಲ.

ಆ ಹೆಸರುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ಸುಮಾರು ಮೂವತ್ತು ಆದವು. ಮೊದಲು ಹೊಡೆದು ಹಾಕಿದ್ದು 'ತ' ಇರುವವನ್ನೆಲ್ಲ. ನಮ್ಮ ರಾಜ್ಯದಲ್ಲಿ 'ತ' ಬಂದರೆ ಇಂಗ್ಲಿಷಿನಲ್ಲಿ ಒಬ್ಬ 'ಟಿ' ಬರೆಯುತ್ತಾನೆ, ಇನ್ನೊಬ್ಬ 'ಟಿ-ಎಚ್' ಬರೆಯುತ್ತಾನೆ. ಸವಿತಾ, ಗೀತಾ, ಸುಜಾತಾ ಮೂರೂ ಹೋದವು. ದೀರ್ಘಕ್ಕೆ ಎರಡು 'ಇ', ಎರಡು 'ಒ' ಬೇಡುವವೂ ಹೋದವು: ವೀಣಾ, ಮೀನಾ, ರೂಪಾ. ಶ-ಷ ಗೊಂದಲದವು ಹೋದವು. ರಮಾ ಅನ್ನೋದು ನನಗೆ ಇಷ್ಟ ಇತ್ತು, ಆದರೆ ಇಂಗ್ಲಿಷಿನಲ್ಲಿ ಬರೆದರೆ ಗಂಡಸಿನ 'ರಾಮ' ಆಗಿಬಿಡುತ್ತದೆ! ಕೊನೆಗೆ ಉಳಿದವು ಉಮಾ, ಹೇಮಾ, ಕಮಲಾ, ರೇಣುಕಾ, ಇನ್ನೊಂದೆರಡು.

ಇನ್ನು ಪರೀಕ್ಷೆ. ಒಂದೊಂದು ಹೆಸರನ್ನು ಒಂದೆರಡು ವಾರ ಹೊತ್ತು ತಿರುಗಿದೆ. ಗ್ಯಾಸ್ ಏಜೆನ್ಸಿಗೆ ಫೋನ್, ಲೈನಿಂಗ್ ಬಟ್ಟೆಯ ಹೋಲ್‌ಸೇಲ್ ಅಂಗಡಿಗೆ ಫೋನ್. 'ಹೆಸರು ಬರ್ಕೊಳ್ರಿ' ಅಂತ ಒಂದೇ ಸಲ ಹೇಳುವುದು, ಅವರು ಏನು ಬರೆದುಕೊಂಡರು ಅಂತ ಆಮೇಲೆ ಬಿಲ್ಲಿನಲ್ಲಿ ನೋಡುವುದು. ಉಮಾ ಇಲ್ಲೇ ಸೋತಳು. ಫೋನಿನಲ್ಲಿ ಉಮಾ ಅಂದರೆ ಒಬ್ಬರು ಸುಮಾ ಬರೆದರು, ಇನ್ನೊಬ್ಬರು ರಮಾ. ಹೇಮಾ ಅಂದರೆ 'ಭೀಮಾ ಅವರಾ?' ಅಂತ ಕೇಳಿದ್ದಾರೆ, ನನ್ನ ದನಿ ಕೇಳಿ ಇರಬೇಕು. ಕಮಲಾ ಫೋನಿನಲ್ಲಿ ಪಾಸಾದಳು, ಅಂಗಡಿಯಲ್ಲಿ ಫೇಲು. ನಮ್ಮ ಹೆಲ್ಪರ್ ಹುಡುಗಿಗೆ ಒಳಗಿನಿಂದ ಕೂಗಲು ಹೇಳಿದರೆ ಹೊರಗೆ ಕೂತಿದ್ದ ಇಬ್ಬರು ಅಜ್ಜಿಯರು 'ಓ' ಅಂದರು.

ಕೂಗಿಸುವ ಪರೀಕ್ಷೆ ಬಿಡಬೇಡಿ. ಆಸ್ಪತ್ರೆಯಲ್ಲಿ ನರ್ಸ್ ಹೆಸರು ಕೂಗಿದಾಗ ಇಡೀ ಹಾಲ್ ನಮ್ಮ ಕಡೆ ತಿರುಗುತ್ತದಲ್ಲ, ಅದು ಎಲ್ಲರಿಗೂ ಗೊತ್ತು. ಊರಿನಲ್ಲಿ ಸಾಮಾನ್ಯವಾಗಿರುವ, ನಮ್ಮ ವಯಸ್ಸಿಗೆ ಹೊಂದುವ ಹೆಸರಾದರೆ ಆ ತಿರುಗುವುದು ಅರ್ಧಕ್ಕರ್ಧ ಕಡಿಮೆ ಆಗುತ್ತದೆ. ಇದು ನಾನು ಕಣ್ಣಾರೆ ನೋಡಿದ್ದು. ಹೆಸರು ಸಪ್ಪೆಯಾಗಿದ್ದಷ್ಟೂ ಒಳ್ಳೆಯದು. ಗೆಳತಿಯರಿಗೆ ಒಪ್ಪಿಗೆಯಾಗದಿದ್ದದ್ದೇ ಇದು. 'ಇಷ್ಟು ಕಷ್ಟಪಟ್ಟು ಹೆಣ್ಣಾಗಿ ಕೊನೆಗೆ ಪಕ್ಕದ ಮನೆ ಹೆಂಗಸಿನ ಹೆಸರಾ?' ಅಂದರು. ಹೌದು, ಅದೇ ನನಗೆ ಬೇಕಿದ್ದದ್ದು.

ರೇಣುಕಾ ಎಲ್ಲದರಲ್ಲೂ ಪಾಸು. ಫೋನಿನಲ್ಲಿ ಒಂದೇ ಸಲಕ್ಕೆ ಬರೆದುಕೊಂಡರು. ಅಕ್ಕ, ಅವ್ವ ಎರಡೂ ಹಿಂದೆ ಕೂರುತ್ತವೆ. ಬುಟ್ಟಿ ಹೊತ್ತು ಬರುವ ಒಬ್ಬ ಅಜ್ಜಿ ಮೂರನೇ ದಿನಕ್ಕೇ 'ಏ ರೇಣುಕವ್ವ, ನನ್ನ ಜಂಪರ್ ಆತೇನು?' ಅಂತ ಕೂಗಿಕೊಂಡು ಬಂದಳು. ಅವಳಿಗೆ ನಾನು ಯಾವ ಹೆಸರನ್ನೂ ಹೇಳಿರಲಿಲ್ಲ, ಹೆಲ್ಪರ್ ಹುಡುಗಿ ಕೂಗುವುದನ್ನು ಕೇಳಿಸಿಕೊಂಡಿದ್ದಳು ಅಷ್ಟೇ. ಇನ್ನೊಂದು ಲಾಭ, ಮೊದಲು ನನಗೂ ಹೊಳೆದಿರಲಿಲ್ಲ. ಲಿಂಗಾಯತರಲ್ಲಿ ರೇಣುಕಪ್ಪ, ರೇಣುಕಾರಾಧ್ಯ ಅಂತ ಗಂಡಸರೂ ಇದ್ದಾರೆ. ಹಾಗಾಗಿ ಕಾಗದ ಬದಲಾಗುವ ಮೊದಲು, ಹಳೆಯ ಫೋಟೋ ಇರುವ ಕಡೆಯೂ ರೇಣುಕ ಅಂದರೆ ಯಾರೂ ಹುಬ್ಬು ಏರಿಸಲಿಲ್ಲ.

ಗುರು ಮಾತ್ರ ಒಪ್ಪಲಿಲ್ಲ. 'ಅದು ಸವದತ್ತಿ ಅಮ್ಮನ ಹೆಸರು. ಮುತ್ತು ಕಟ್ಟಿಸಿಕೊಳ್ಳದೆ ಹೇಗೆ ಇಟ್ಕೊಳ್ತೀಯ?' ಅಂದರು. ಮುತ್ತು ಕಟ್ಟಿಸಿಕೊಳ್ಳುವುದು ಅಂದರೆ ಆ ದೇವಿಗೆ ಮುಡಿಪಾಗಿ ಜೋಗತಿ ಆಗುವುದು. ಯಲ್ಲಮ್ಮನೇ ರೇಣುಕೆ, ಸರಿ. ಆದರೆ ನಾನು ಜೋಗತಿ ಅಲ್ಲ, ಆಗುವ ಮನಸ್ಸೂ ಇಲ್ಲ. ನಮ್ಮೂರಲ್ಲಿ ಯಾವ ಓಣಿಗೆ ಹೋದರೂ ಒಬ್ಬ ರೇಣುಕಾ ಇದ್ದಾಳೆ, ಅವರೆಲ್ಲ ಮುತ್ತು ಕಟ್ಟಿಸಿಕೊಂಡವರಾ? ಹೀಗೆ ವಾದ ಮಾಡಿ ಗೆಲ್ಲಲಿಲ್ಲ. ಹೊಳೆ ದಾಟಿ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ, ಪ್ರಸಾದ ತಂದು ಗುರುವಿಗೆ ಕೊಟ್ಟೆ. ಅದಾದ ಮೇಲೆ ಅವರು ಈ ಮಾತು ಎತ್ತಿಲ್ಲ. ನಮ್ಮವ್ವನನ್ನು ಒಪ್ಪಿಸಿದ್ದು ಹೇಗೆ ಅನ್ನೋದನ್ನು ಮಾತ್ರ ಬರೆಯುವುದಿಲ್ಲ. ಅದು ಎದುರಿಗೆ ಕೂತು ಹೇಳುವ ಮಾತು.

ಇನ್ನು ಕಾಗದ, ದುಡ್ಡು. 2019ರ ಟ್ರಾನ್ಸ್‌ಜೆಂಡರ್ ಕಾನೂನಿನಲ್ಲಿ, ಗುರುತಿನ ಪ್ರಮಾಣಪತ್ರ (ಟಿಜಿ ಸರ್ಟಿಫಿಕೇಟ್) ಇದ್ದವರು ಎಲ್ಲ ದಾಖಲೆಗಳಲ್ಲೂ ಮೊದಲ ಹೆಸರು ಬದಲಿಸಿಕೊಳ್ಳಬಹುದು ಅಂತಿದೆ. 'ಮೊದಲ ಹೆಸರು' ಅನ್ನೋದನ್ನು ನೆನಪಿಟ್ಟುಕೊಳ್ಳಿ. ಜಾತಿ ಸೂಚಿಸುವ ಅಡ್ಡಹೆಸರನ್ನೂ ಬಿಡಬೇಕು ಅಂದುಕೊಂಡಿದ್ದರೆ ಗೆಜೆಟ್ (ಸರ್ಕಾರಿ ರಾಜ್ಯಪತ್ರದಲ್ಲಿ ಹೆಸರು ಬದಲಾವಣೆಯ ಪ್ರಕಟಣೆ) ಮಾಡಿಸಿಯೇ ಮುಂದೆ ಹೋಗಿ. ನಾನು ಅಪ್ಪನ ಹೆಸರನ್ನು ಮುಟ್ಟಲಿಲ್ಲ. ಆದರೂ ಕೌಂಟರಿನಲ್ಲಿ ಕೂತವರು ಗೆಜೆಟ್ ಕೇಳಿಯೇ ಕೇಳುತ್ತಾರೆ ಅಂತ ಸರ್ಟಿಫಿಕೇಟು, ಗೆಜೆಟ್ಟು ಎರಡನ್ನೂ ಮಾಡಿಸಿದೆ. ಟಿಜಿ ಸರ್ಟಿಫಿಕೇಟಿಗೆ ಫೀಸಿಲ್ಲ. ಒಬ್ಬ ಏಜೆಂಟ್ ಎಲ್ಲ ಸೇರಿ ಹನ್ನೆರಡು ಸಾವಿರ ಕೇಳಿದ್ದ. ನನಗೆ ಖರ್ಚಾಗಿದ್ದು ನಾಲ್ಕು ಸಾವಿರದ ಆಸುಪಾಸು: ಅಫಿಡವಿಟ್ಟು-ನೋಟರಿ ನಾನೂರರ ಒಳಗೆ, ಕನ್ನಡ ಮತ್ತು ಇಂಗ್ಲಿಷ್ ಪೇಪರಿನ ಜಾಹೀರಾತು ಎರಡೂ ಸೇರಿ ಸಾವಿರದ ಎಂಟುನೂರೋ ಏನೋ, ಕೇಂದ್ರದ ಗೆಜೆಟ್ಟಿಗೆ 1,100, ಪ್ಯಾನಿಗೆ ನೂರರ ಮೇಲೆ ಸ್ವಲ್ಪ, ಆಧಾರಿಗೆ ಆಗ 50. ಉಳಿದದ್ದು ಪೋಸ್ಟು, ಜೆರಾಕ್ಸು, ಚಹಾ. ಜಾಹೀರಾತಿನ ರೇಟನ್ನು ಅಷ್ಟಕ್ಕೆ ಇಳಿಸಿದ್ದು ಹೇಗೆ ಅನ್ನೋದೂ ಗುಟ್ಟು. ಇಲ್ಲಿ ಬರೆದರೆ ನಾಳೆ ಆ ದಾರಿ ಮುಚ್ಚಿಹೋಗುತ್ತದೆ.

ಗೆಜೆಟ್ಟಿಗೆ ದೆಹಲಿಗೆ ಕಳಿಸುವ ಕವರಿನಲ್ಲಿ ಆಗ ಒಂದು ಸಿ.ಡಿ. ಇಡಬೇಕಿತ್ತು, ಅದರಲ್ಲಿ ಹೆಸರು ಬದಲಾವಣೆಯ ಮ್ಯಾಟರ್ ಟೈಪ್ ಮಾಡಿರಬೇಕಿತ್ತು. ನಂಬ್ತೀರಾ? ಹೊಸಪೇಟೆಯಲ್ಲಿ ಈಗ ಸಿ.ಡಿ. ಬರೆದುಕೊಡುವವರು ಸಿಗಬೇಕಲ್ಲ. ಮದುವೆ ವಿಡಿಯೋ ಮಾಡುವ ಒಬ್ಬ ಹಳೆಯ ಸ್ಟುಡಿಯೋದವರು ಬರೆದುಕೊಟ್ಟರು. ಮೊದಲ ಸಿ.ಡಿ. ದಾರಿಯಲ್ಲೇ ಒಡೆದುಹೋಯಿತು. ಎರಡನೆಯದನ್ನು ಸೀರೆ ಮಡಿಕೆಯೊಳಗೆ ಬರುವ ರಟ್ಟು ಕತ್ತರಿಸಿ, ಎರಡು ರಟ್ಟುಗಳ ನಡುವೆ ಇಟ್ಟು ಸುತ್ತಲೂ ಮಷೀನಿನಲ್ಲೇ ಹೊಲಿದೆ. ಸುರಕ್ಷಿತವಾಗಿ ತಲುಪಿತು.

ಊರಿನ ತೊಡಕೂ ಒಂದಿತ್ತು. 2021ರ ಅಕ್ಟೋಬರಿನಲ್ಲಿ ವಿಜಯನಗರ ಹೊಸ ಜಿಲ್ಲೆ ಆಯಿತು, ನನ್ನ ಆಧಾರಿನಲ್ಲಿ ಇನ್ನೂ ಬಳ್ಳಾರಿ ಜಿಲ್ಲೆ. ಸರ್ಟಿಫಿಕೇಟ್ ಕೊಡುವವರು ಜಿಲ್ಲಾಧಿಕಾರಿ ಆದ್ದರಿಂದ ಮೊದಲು ವಿಳಾಸ ಸರಿ ಮಾಡಿಸಿ ಆಮೇಲೆ ಅರ್ಜಿ ಹಾಕಿದೆ.

ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ. ಅದಕ್ಕೇ ಇಲ್ಲಿ ಸ್ವಲ್ಪ ಗಟ್ಟಿಯಾಗಿ ನಿಲ್ಲಿ. ಆಪರೇಟರ್ ಇಂಗ್ಲಿಷಿನಲ್ಲಿ ಹೊಡೆದರೆ ಕನ್ನಡ ತಾನೇ ಬರುತ್ತದೆ. ನನ್ನದು 'ರೆನುಕಾ' ಅಂತ ಬಂತು. 'ಅಷ್ಟೇ ತಾನೇ, ಓದಿದರೆ ತಿಳಿಯುತ್ತೆ ಬಿಡಮ್ಮ' ಅಂದ. ಸ್ಕ್ರೀನಿಗೆ ಬೆರಳಿಟ್ಟು ರೇ, ಣು, ಕಾ ಅಂತ ಒಂದೊಂದೇ ಅಕ್ಷರ ಹೊಡೆಸಿದೆ. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಗೊಣಗಲಿ ಬಿಡಿ.

ಪುರುಷರಿಗೆ ಇದೇ ಲೆಕ್ಕ ನಡೆಯುತ್ತಾ ಅಂತ ದಾವಣಗೆರೆಯ ಒಬ್ಬ ಟ್ರಾನ್ಸ್ ಗೆಳೆಯನ ಜೊತೆ ಸೇರಿ ನೋಡಿದೆ. ಅವನಿಗೆ ಚೇತನ್ ಇಷ್ಟ, ಆದರೆ 'ತ' ಬಂತಲ್ಲ. ಅವನ ವಾರಿಗೆಯ ಗಂಡಸರ ಹೆಸರು ಪಟ್ಟಿ ಮಾಡಿ ರವಿ ಹಿಡಿದೆವು. ಆಗಿನ್ನೂ ಅವನ ಹಾರ್ಮೋನ್ ಶುರುವಾಗಿ ಜಾಸ್ತಿ ದಿನ ಆಗಿರಲಿಲ್ಲ, ದನಿ ತೆಳ್ಳಗೆ. ಕೊರಿಯರ್ ಹುಡುಗ ಫೋನಿನಲ್ಲಿ 'ರವಿ ಸರ್ ಮನೆಯವರಾ?' ಅಂತ ಕೇಳಿದ. ಇವನು 'ಹೌದ್ರಿ, ಸರ್ ಸ್ನಾನಕ್ಕೆ ಹೋಗಿದಾರೆ' ಅಂದ. ಆ ತಮಾಷೆ ಆರೇಳು ತಿಂಗಳು ನಡೆಯಿತು. ಹೆಸರು ಮಾತ್ರ ನಿಂತಿತು.

ಫೋನಿನ ಕನ್ನಡ ವಾಯ್ಸ್ ಟೈಪಿಂಗ್‌ನಲ್ಲೂ ಹೆಸರು ಹೇಳಿ ನೋಡಿದೆ. ನಾನು ಹೇಳಿದರೆ ಒಂದು ಬರೆಯುತ್ತದೆ, ಹೆಲ್ಪರ್ ಹುಡುಗಿ ಹೇಳಿದರೆ ಇನ್ನೊಂದು. ಟೈಮ್ ವೇಸ್ಟ್. ಮನಸ್ಸು ಇನ್ನೂ ಗಟ್ಟಿಯಾಗಿಲ್ಲದವರಿಗೆ ಕಿರಣ, ಜ್ಯೋತಿ, ಮಂಜು ಥರ ಗಂಡು, ಹೆಣ್ಣು ಇಬ್ಬರಿಗೂ ಸಲ್ಲುವ ಹೆಸರನ್ನು ಒಂದು ವರ್ಷ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ಇಬ್ಬರು ಇಟ್ಟುಕೊಂಡರು. ಅದರಲ್ಲಿ ಒಬ್ಬರು ಅದರಲ್ಲೇ ಖುಷಿಯಾಗಿದ್ದಾರೆ.

ಉಳಿದಿರುವುದು ಮಾರ್ಕ್ಸ್ ಕಾರ್ಡ್ ಮತ್ತು ಜನನ ಪ್ರಮಾಣಪತ್ರ. ಸರ್ಕಾರಿ ಕೆಲಸದಲ್ಲಿ ನಮಗೆ ಶೇ. 1 ಮೀಸಲಾತಿ 2021ರಲ್ಲೇ ಬಂದಿದೆ, ಅರ್ಜಿ ಹಾಕುವ ಹುಡುಗಿಯರಿಗೆ ಎಸ್ಸೆಸ್ಸೆಲ್ಸಿ ಕಾರ್ಡಿನ ಹಳೆಯ ಹೆಸರೇ ದೊಡ್ಡ ತಲೆನೋವು. ಜನನ ಪ್ರಮಾಣಪತ್ರಕ್ಕೆ 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟ್ ದಾರಿ ಮಾಡಿದೆ, ಹಳೆಯ ಹೆಸರು, ಹೊಸ ಹೆಸರು ಎರಡೂ ಇರುವಂತೆ ಕೊಡಬೇಕು ಅಂತ. ಹಳೆಯದೂ ಇರುತ್ತದಲ್ಲ ಅಂತ ಕೆಲವರು ಬೇಡ ಅನ್ನುತ್ತಾರೆ. ನನಗೆ ಪರವಾಗಿಲ್ಲ, ಅರ್ಜಿ ಹಾಕುತ್ತಿದ್ದೇನೆ. ಅಂಗಡಿಗೆ ಬರುವವರು ಆಧಾರ್ ಜೆರಾಕ್ಸ್ ತನ್ನಿ, ಜೊತೆಗೆ ನಿಮ್ಮ ಓಣಿಯ ನಿಮ್ಮ ವಯಸ್ಸಿನ ಹತ್ತಿಪ್ಪತ್ತು ಜನರ ಹೆಸರು ಬರೆದುಕೊಂಡು ಬನ್ನಿ. ಮಂಗಳವಾರ ಅಂಗಡಿ ರಜೆ.