ಬಗ್‌ಗೆ ಸಿವಿಯರಿಟಿ, ಪ್ರಯಾರಿಟಿ ಹಾಕುವ ಕ್ರಮ

ಬಗ್‌ನಿಂದ (ಸಾಫ್ಟ್‌ವೇರ್‌ನ ದೋಷದಿಂದ) ಕೆಟ್ಟದ್ದು ಎಷ್ಟು ಎಂಬುದು ಸಿವಿಯರಿಟಿ, ಸರಿಪಡಿಸುವುದು ಯಾವಾಗ ಎಂಬುದು ಪ್ರಯಾರಿಟಿ. ಮೊದಲನೆಯದನ್ನು ಟೆಸ್ಟರ್ ಹಾಕಲಿ; ಎರಡನೆಯದನ್ನು ಟ್ರಯಾಜ್ ಮೀಟಿಂಗ್‌ನಲ್ಲಿ (ಬಂದ ಬಗ್‌ಗಳನ್ನು ತಂಡ ಕೂತು ವಿಂಗಡಿಸುವ ಸಭೆ) ಪ್ರಾಡಕ್ಟ್ ಮ್ಯಾನೇಜರ್ ಹಾಕಲಿ. ಎರಡನ್ನೂ ಒಬ್ಬರೇ ತುಂಬಿದರೆ ಎಸ್‌1 (ಅತಿ ಹೆಚ್ಚಿನ ಸಿವಿಯರಿಟಿ) ಎಲ್ಲವೂ ಪಿ1 (ಅತಿ ಹೆಚ್ಚಿನ ಪ್ರಯಾರಿಟಿ) ಆಗಿ, ಪ್ರಯಾರಿಟಿ ಕಾಲಮ್ ಇದ್ದೂ ಇಲ್ಲದಂತಾಗುತ್ತದೆ.

ಸಿವಿಯರಿಟಿಗೆ ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ, ಮೊದಲ ‘ಹೌದು’ ಬಂದಲ್ಲಿ ನಿಲ್ಲಿಸಿ. ಡೇಟಾ ಅಳಿಸಿತೇ, ತಪ್ಪಾಗಿ ಸೇವ್ ಆಯಿತೇ, ಪರರ ಕೈಗೆ ಸಿಕ್ಕಿತೇ, ಇಲ್ಲವೇ ಆ್ಯಪ್ ಯಾರಿಗೂ ತೆರೆಯುತ್ತಿಲ್ಲವೇ? ಎಸ್‌1. ಮುಖ್ಯ ಕೆಲಸ ನಿಂತು, ಬೇರೆ ದಾರಿಯೂ ಇಲ್ಲವೇ? ಎಸ್‌2. ದಾರಿ ಇದ್ದರೆ, ಅಥವಾ ಕೆಟ್ಟದ್ದು ಮುಖ್ಯವಲ್ಲದ ಭಾಗವಾದರೆ ಎಸ್‌3. ನೋಟ ಮಾತ್ರ ಕೆಟ್ಟಿದ್ದರೆ ಎಸ್‌4. ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ಬಗ್ ಪಟ್ಟಿಯಲ್ಲಿ ಏಳು ಹಂತಗಳಿವೆ, ಮೇಲಿನ ಮೂರು ರಿಲೀಸ್ ತಡೆಯುತ್ತವೆ. ಸಣ್ಣ ತಂಡಕ್ಕೆ ನಾಲ್ಕೇ ಸಾಕು.

ಹೆಚ್ಚಿನವರು ಎಡವುವುದು ‘ಬೇರೆ ದಾರಿ’ಯ ಹತ್ತಿರ. ಬಿಲ್ಲಿಂಗ್ ಆ್ಯಪ್‌ನಲ್ಲಿ ‘ಕೊಟ್ರೇಶ್’ ಎಂದು ಹುಡುಕಿದರೆ, ಇರುವ ಗ್ರಾಹಕರೇ ಸಿಗುತ್ತಿಲ್ಲ ಎನ್ನಿ. ಯೂನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಸಂಕೇತ ಕೊಡುವ ಪದ್ಧತಿ) ‘ೊ’ ಒಂದೇ ಸಂಕೇತವಾಗಿಯೂ ಸೇವ್ ಆಗಬಹುದು, ‘ೆ’ ಮತ್ತು ‘ೂ’ ಎಂಬ ಜೋಡಿಯಾಗಿಯೂ ಆಗಬಹುದು. ಕಣ್ಣಿಗೆ ಎರಡೂ ಒಂದೇ, ನಾರ್ಮಲೈಸ್ ಮಾಡದ (ಎರಡನ್ನೂ ಒಂದೇ ರೂಪಕ್ಕೆ ತರದ) ಸರ್ಚ್‌ಗೆ ಬೇರೆ ಬೇರೆ. ಮೊಬೈಲ್ ನಂಬರ್ ಹಾಕಿ ಹುಡುಕಬಹುದಲ್ಲ ಎಂದು ಎಸ್‌3 ಕೊಡುವವರಿದ್ದಾರೆ. ಅದು ತಪ್ಪು. ಬಗ್ ಇದೆಯೆಂದೇ ಕೌಂಟರ್‌ನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಹೊಸಬರೆಂದುಕೊಂಡು ಇನ್ನೊಂದು ಖಾತೆ ತೆರೆಯುತ್ತಾರೆ, ಹಳೇ ಬಾಕಿ ಮೊದಲ ಖಾತೆಯಲ್ಲೇ ಉಳಿಯುತ್ತದೆ. ಬಳಸುವವರಿಗೆ ತಾನಾಗಿ ಹೊಳೆಯದ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಇದು ಎಸ್‌2, ಬಾಕಿ ಎರಡು ಖಾತೆಗೆ ಹಂಚಿಹೋದದ್ದು ಕಂಡರೆ ಎಸ್‌1.

ಹತ್ತು ಸಲದಲ್ಲಿ ಒಂದು ಸಲ ಬರುತ್ತದೆ ಎಂದು ಸಿವಿಯರಿಟಿ ಇಳಿಸಬೇಡಿ. ಎಷ್ಟು ಜನಕ್ಕೆ, ಎಷ್ಟು ಸಲ ಎಂಬುದು ಪ್ರಯಾರಿಟಿಯ ವಿಚಾರ.

ಪ್ರಯಾರಿಟಿ ಸುಲಭ: ಪಿ1 ಎಂದರೆ ಕೈಯಲ್ಲಿರುವ ಕೆಲಸ ಬಿಟ್ಟು ಇದನ್ನು ಹಿಡಿಯಬೇಕು, ಪಿ2 ಈ ರಿಲೀಸ್‌ನಲ್ಲಿ, ಪಿ3 ಮುಂದಿನದರಲ್ಲಿ, ಪಿ4 ಬಿಡುವಾದಾಗ. ನಾಳೆ ಬಿಡುಗಡೆಯಾಗುವ ಆ್ಯಪ್‌ನ ಮೊದಲ ಪುಟದಲ್ಲೇ ಕ್ಲೈಂಟ್ ಹೆಸರು ತಪ್ಪಿದ್ದರೆ ಎಸ್‌4, ಆದರೂ ಪಿ1. ಯಾರೂ ಬಳಸದ, ಮುಂದಿನ ರಿಲೀಸ್‌ನಲ್ಲಿ ತೆಗೆದುಹಾಕಲಿರುವ ಇಂಪೋರ್ಟ್ ಸೌಲಭ್ಯವು (ಹೊರಗಿನ ಫೈಲ್‌ನಿಂದ ಮಾಹಿತಿ ತರುವುದು) ಡೇಟಾವನ್ನು ಕೆಡಿಸಿದರೆ ಎಸ್‌1, ಪಿ3. ಪ್ರಯಾರಿಟಿ ವಾರವಾರ ಬದಲಾಗಬಹುದು. ಸಿವಿಯರಿಟಿ ಬದಲಿಸಲು ಹೊಸ ಮಾಹಿತಿಯೇ ಬೇಕು, ಕಾರಣವನ್ನು ಕಾಮೆಂಟ್‌ನಲ್ಲಿ ಒಂದು ಸಾಲು ಬರೆಯಲೇಬೇಕು.

ತಂಡದವರೆಲ್ಲ ಒಂದೇ ರೀತಿ ಹಾಕುತ್ತಿದ್ದಾರೆಯೇ ಎಂದು ನೋಡಲು, ಮುಚ್ಚಿದ ಹತ್ತು ಬಗ್‌ಗಳನ್ನು ಇಬ್ಬರಿಗೆ ಕೊಟ್ಟು ಬೇರೆ ಬೇರೆಯಾಗಿ ಸಿವಿಯರಿಟಿ ಹಾಕಿಸಿ. ಎಲ್ಲಿ ಒಂದಾಗುವುದಿಲ್ಲವೋ ಅಲ್ಲಿ ಜನರನ್ನು ದೂರದೆ ಪ್ರಶ್ನೆಯ ಮಾತನ್ನು ತಿದ್ದಿ, ಆ ಬಗ್ಗನ್ನೇ ಉದಾಹರಣೆಯಾಗಿ ಅದರ ಕೆಳಗೆ ಸೇರಿಸಿ.